ಎರಡು ಸಿಲಿಂಡರು, ಎರಡು ಸಾಕ್ಷಿ

(ಸಂಘದ ಬೇಸಗೆ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಸಾಹಿತ್ಯ ಸಂಗೀತಗಳ ಕುರಿತು ಬಲ್ಲವರು ಮಾತನಾಡುವ ಈ ವೇದಿಕೆಯಲ್ಲಿ, ಬೆರಳುದ್ದದ ಒಂದು ಬಿಡಿಭಾಗದ ಬಗ್ಗೆ ಮಾತನಾಡಲು ನಮಗೆ ಅವಕಾಶ ಕೊಟ್ಟಿರುವುದು ತಮ್ಮ ದೊಡ್ಡತನ. ಇಲ್ಲಿ ನಿಂತಿರುವವನು ಒಬ್ಬನಾದರೂ ಮಾತು ಇಬ್ಬರದು. ಎದುರಿನ ಸಾಲಿನಲ್ಲಿ ಕುಳಿತಿರುವ ಮಿತ್ರರೂ ನಾವೂ ಸೇರಿ ಹಳೆಯ ಬಿ.ಎಂ.ಡಬ್ಲ್ಯು. ಆರ್ 80 ಮೋಟಾರ್ ಸೈಕಲ್ಲೊಂದನ್ನು ಕೊಂಡೆವು, ಸೇರಿಯೇ ರಿಪೇರಿ ಮಾಡಿದೆವು, ಸೇರಿಯೇ ಅದನ್ನು ಹಾಳುಗೆಡಹುವ ಹಂತಕ್ಕೂ ತಂದೆವು. ಆ ಕಥೆಯನ್ನು ಹೇಳುವ ಮುನ್ನ ಸ್ಪಾರ್ಕ್ ಪ್ಲಗ್ಗಿನ ವಿಚಾರ ಸ್ವಲ್ಪ ತಿಳಿಯಬೇಕು.

ಸ್ಟುಟ್‌ಗಾರ್ಟಿನಲ್ಲಿ ನೆಲೆಸಿದ ಕನ್ನಡಿಗರಿಗೆ ಪ್ಲಗ್ಗು ಪರಕೀಯ ವಸ್ತುವೇನಲ್ಲ. 1902ರಲ್ಲಿ ಇದೇ ನಗರದ ಬಾಷ್ ಕಾರ್ಯಾಗಾರದಲ್ಲಿ ಗಾಟ್‌ಲೋಬ್ ಹೊನೋಲ್ಡ್ ಎಂಬ ಎಂಜಿನಿಯರು ಹೆಚ್ಚು ವೋಲ್ಟೇಜಿನ ಮ್ಯಾಗ್ನೆಟೋವನ್ನೂ ಅದಕ್ಕೊಪ್ಪುವ ಪ್ಲಗ್ಗನ್ನೂ ರೂಪಿಸಿದರು. 1951ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮೈಕೋ ಕಾರ್ಖಾನೆ ಅದೇ ಬಾಷ್ ಮನೆತನದ ಕುಡಿ. ಮೈಕೋ ಪ್ಲಗ್ಗಿನ ಪುಟ್ಟ ಪೊಟ್ಟಣವನ್ನು ಜೇಬಿನಲ್ಲಿಟ್ಟುಕೊಂಡೇ ಸ್ಕೂಟರು ಓಡಿಸಿದ ತಲೆಮಾರು ನಮ್ಮದು.

ಪ್ಲಗ್ಗಿನ ಕೆಲಸ ಕಿಡಿ ಕೊಡುವುದು. ಅದು ಎಲ್ಲರಿಗೂ ಗೊತ್ತು. ತನ್ನ ಮೂತಿಯನ್ನು ಹದವಾದ ಬಿಸಿಯಲ್ಲಿಟ್ಟುಕೊಳ್ಳುವುದು ಅದರ ಎರಡನೆಯ ಕೆಲಸ. ಪಿಂಗಾಣಿಯ ತುದಿ ಸುಮಾರು 500 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅಂಟಿದ ಮಸಿ ತಾನಾಗಿ ಸುಟ್ಟುಹೋಗುತ್ತದೆ. ಅದಕ್ಕಿಂತ ತಣ್ಣಗಿದ್ದರೆ ಮಸಿ ಕಟ್ಟಿ, ಕಿಡಿ ಹಾರಬೇಕಾದ ವಿದ್ಯುತ್ತು ಮಸಿಯ ಮೇಲೆಯೇ ಸೋರಿಹೋಗುತ್ತದೆ. ಸುಮಾರು 850 ಡಿಗ್ರಿ ದಾಟಿದರೆ ತುದಿಯೇ ಕೆಂಡವಾಗಿ, ಕಿಡಿ ಬರುವ ಮೊದಲೇ ಇಂಧನ ಹೊತ್ತಿಕೊಳ್ಳುತ್ತದೆ. ಆಗ ಪಿಸ್ಟನ್ನಿನ ತಲೆ ಕರಗಲೂಬಹುದು.

ಪಿಂಗಾಣಿಯ ಮೂತಿ ಗಿಡ್ಡವಾಗಿದ್ದರೆ ಶಾಖ ಬೇಗನೆ ಸಿಲಿಂಡರ್ ಹೆಡ್ಡಿಗೆ ಇಳಿದುಹೋಗುತ್ತದೆ; ಅದನ್ನು ತಂಪು ಪ್ಲಗ್ಗು ಎನ್ನುತ್ತಾರೆ. ಮೂತಿ ಉದ್ದವಾಗಿದ್ದರೆ ಶಾಖ ನಿಧಾನವಾಗಿ ಇಳಿಯುತ್ತದೆ. ಅದು ಬಿಸಿ ಪ್ಲಗ್ಗು. ಈ ಗುಣವನ್ನು ಸೂಚಿಸಲು ಪ್ಲಗ್ಗಿನ ಮೇಲೆ ಅಂಕಿಯೊಂದು ಇರುತ್ತದೆ. ನಮ್ಮ ಕಥೆಯ ಖಳನಾಯಕ ಆ ಅಂಕಿಯೇ.

ನಮ್ಮ ಬಂಡಿಯ ಕೈಪಿಡಿ ಹೇಳಿದ್ದು ಬಾಷ್ ಡಬ್ಲ್ಯು 7 ಡಿಸಿ. ಅದಕ್ಕೆ ಸಮನಾದದ್ದು ಎನ್‌ಜಿಕೆಯಲ್ಲಿ ಬಿಪಿ 6 ಇಎಸ್, ಚಾಂಪಿಯನ್ನಿನಲ್ಲಿ ಎನ್ 9 ವೈಸಿ. ಒಂದೇ ಗುಣಕ್ಕೆ ಏಳು, ಆರು, ಒಂಬತ್ತು! ಸಾಲದೆಂಬಂತೆ ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ಪ್ಲಗ್ಗು ತಂಪಾಗುತ್ತದೆ. ಬಾಷ್ ಮತ್ತು ಚಾಂಪಿಯನ್ನಿನಲ್ಲಿ ಅಂಕಿ ಏರಿದಂತೆ ಬಿಸಿಯಾಗುತ್ತದೆ. ಬಾಷ್‌ನವರ ಹಳೆಯ ಪದ್ಧತಿಯಲ್ಲಿ 145, 175, 225 ಎಂಬ ಮೂರಂಕಿಗಳಿದ್ದವು. ಅಲ್ಲಿ ಅಂಕಿ ಹೆಚ್ಚಿದಷ್ಟೂ ತಂಪು. ಊರಿನಲ್ಲಿ ನಾವು ಕಲಿತದ್ದು ಆ ಹಳೆಯ ಲೆಕ್ಕ.

2019ರ ಜುಲೈ ತಿಂಗಳಲ್ಲಿ ಆಲ್ಪ್ಸ್ ದಾಟುವ ಯೋಜನೆ ಹಾಕಿದೆವು. ಸೆಕೆಯ ದಿನಗಳು, ಇಬ್ಬರ ಭಾರ, ಮೇಲೆ ಗಂಟುಮೂಟೆ. ಒಂದು ಅಂಕಿಯಷ್ಟು ತಂಪಾದ ಪ್ಲಗ್ಗು ಹಾಕೋಣವೆಂದು ಮಿತ್ರರು ಸೂಚಿಸಿದರು; ನಾವು ಒಪ್ಪಿದೆವು. ಏಳರ ಬದಲಿಗೆ ಎಂಟನ್ನು ಕೊಂಡು ತಂದೆವು. ಹೆಚ್ಚು ಅಂಕಿ, ಹೆಚ್ಚು ತಂಪು ಎಂದು ನಂಬಿದ್ದೆವು. ಕೊಂಡದ್ದು ಬಿಸಿ ಪ್ಲಗ್ಗು.

ಉಲ್ಮ್, ಫ್ಯುಸೆನ್ ದಾಟಿ ಆಸ್ಟ್ರಿಯಾದ ರೊಯ್ಟೆಯಿಂದ ಫೆರ್ನ್ ಕಣಿವೆದಾರಿಯ ಏರನ್ನು ಹತ್ತತೊಡಗಿದೆವು. ಏರಿನ ನಡುವೆ ಎಂಜಿನ್ನಿನೊಳಗೆ ಗೋಲಿಗಳನ್ನು ಕುಲುಕಿದಂಥ ಸದ್ದು ಕೇಳಿಸಿತು. ಗಾಳಿಯ ಸದ್ದಿರಬೇಕೆಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡು ಇನ್ನೂ ಎರಡು ತಿರುವು ಹತ್ತಿದೆವು. ಇಂದಿಗೂ ನಮ್ಮನ್ನು ಕಾಡುವುದು ಆ ಎರಡು ತಿರುವುಗಳು. ಅಲ್ಲಿ ಎಂಜಿನ್ನು ಕಚ್ಚಿಕೊಂಡು ಹಿಂದಿನ ಚಕ್ರ ನಿಂತಿದ್ದರೆ ಈ ಉಪನ್ಯಾಸವನ್ನು ಬೇರೆಯವರು ಮಾಡಬೇಕಾಗುತ್ತಿತ್ತು.

ಕೊನೆಗೆ ರಸ್ತೆಯ ಪಕ್ಕದ ತಂಗುಜಾಗದಲ್ಲಿ ನಿಲ್ಲಿಸಿದೆವು. ಎಂಜಿನ್ನು ಆರುವವರೆಗೆ ಕಾದೆವು. ಅಲ್ಯೂಮಿನಿಯಂ ಹೆಡ್ಡು ಬಿಸಿಯಿರುವಾಗ ಪ್ಲಗ್ಗು ಬಿಚ್ಚಿದರೆ ಥ್ರೆಡ್ಡು ಕಿತ್ತುಬರುವ ಭಯ. ಈ ಬಂಡಿಯ ಸಿಲಿಂಡರುಗಳು ಎಡಕ್ಕೊಂದು ಬಲಕ್ಕೊಂದು ಚಾಚಿಕೊಂಡಿರುವುದರಿಂದ ಪ್ಲಗ್ಗು ಕೈಗೆಟುಕುವಷ್ಟು ಹತ್ತಿರ. ಎರಡನ್ನೂ ಬಿಚ್ಚಿ ಕರವಸ್ತ್ರದ ಮೇಲೆ ಅಕ್ಕಪಕ್ಕ ಇಟ್ಟೆವು.

ಎಡಗಡೆಯದು ತೀರ ಪೇಲವವಾಗಿತ್ತು, ಅಷ್ಟೇ. ಬಲಗಡೆಯದು ಸುಣ್ಣದಂತೆ ಬೆಳ್ಳಗಾಗಿ, ಪಿಂಗಾಣಿಯ ಮೇಲೆ ಸಾಸಿವೆಗಿಂತ ಸಣ್ಣ ಹೊಳೆಯುವ ಚುಕ್ಕೆಗಳಿದ್ದವು. ಆ ಚುಕ್ಕೆಗಳು ಪಿಸ್ಟನ್ನಿನಿಂದ ಎದ್ದುಬಂದ ಅಲ್ಯೂಮಿನಿಯಂ.

ಬಂಧುಗಳೇ, ಒಂದೇ ಸಿಲಿಂಡರಿನ ಬಂಡಿಯಾಗಿದ್ದರೆ ನಮ್ಮ ತನಿಖೆ ಅಲ್ಲಿಗೇ ಮುಗಿಯುತ್ತಿತ್ತು. ಪ್ಲಗ್ಗು ತಪ್ಪು, ಬದಲಿಸಿ ಎಂದುಬಿಡುತ್ತಿದ್ದೆವು. ಎರಡು ಸಿಲಿಂಡರಿನಲ್ಲಿ ಎರಡು ಸಾಕ್ಷಿಗಳಿರುತ್ತವೆ. ಎರಡೂ ಒಂದೇ ಮಾತು ಹೇಳಿದರೆ ದೋಷ ಎರಡಕ್ಕೂ ಸೇರಿದ ಕಡೆ ಇರುತ್ತದೆ: ಪ್ಲಗ್ಗಿನ ಆಯ್ಕೆ, ಏರ್ ಫಿಲ್ಟರು, ಕಿಡಿಯ ಟೈಮಿಂಗು. ಬೇರೆ ಬೇರೆ ಮಾತು ಹೇಳಿದರೆ ದೋಷ ಒಂದು ಬದಿಯದು: ಆ ಬದಿಯ ಕಾರ್ಬ್ಯುರೇಟರು, ವಾಲ್ವು, ಇಲ್ಲವೇ ಗಾಳಿ ಸೋರುವ ಜಾಗ. ಎರಡೂ ಪೇಲವವಾಗಿದ್ದವು, ಅದು ನಮ್ಮ ಅಂಕಿಯ ತಪ್ಪು. ಬಲಗಡೆಯದು ಮಾತ್ರ ಬೆಂದಿತ್ತು. ಅದಕ್ಕೆ ಇನ್ನೊಂದು ಕಾರಣ ಇರಲೇಬೇಕಿತ್ತು.

ಬಲ ಪ್ಲಗ್ಗನ್ನಷ್ಟೇ ಬದಲಿಸಿ ಮುಂದೆ ಹೋಗೋಣವೇ ಎಂಬ ಆಸೆ ಇಬ್ಬರಿಗೂ ಇತ್ತು. ಹಾಗೆ ಮಾಡಿದ್ದರೆ ಸಾಕ್ಷಿಯ ಬಾಯಿ ಮುಚ್ಚಿಸಿದಂತಾಗುತ್ತಿತ್ತು. ಹುಡುಕಿದೆವು. ಬಲ ಕಾರ್ಬ್ಯುರೇಟರಿಗೂ ಹೆಡ್ಡಿಗೂ ನಡುವಿನ ರಬ್ಬರು ಕೊಳವೆ ಅಡಿಯಲ್ಲಿ ಬಿರಿದಿತ್ತು. ಅಲ್ಲಿಂದ ನುಗ್ಗಿದ ಗಾಳಿ ಮಿಶ್ರಣದಲ್ಲಿ ಪೆಟ್ರೋಲನ್ನು ತೆಳುವಾಗಿಸಿ ಉರಿಯನ್ನು ಹೆಚ್ಚಿಸಿತ್ತು. ಬಿರುಕಿಗೆ ಟೇಪು ಸುತ್ತಿ, ಪೆಟ್ಟಿಗೆಯಲ್ಲಿದ್ದ ಹಳೆಯ ಏಳರ ಜೋಡಿಯನ್ನು ಹಾಕಿ, ಮೆಲ್ಲಗೆ ರೊಯ್ಟೆಗೆ ಇಳಿದೆವು. ಆಲ್ಪ್ಸ್ ದಾಟುವುದು ಆ ವರ್ಷ ಆಗಲಿಲ್ಲ. ಎಂಜಿನ್ನು ಮಾತ್ರ ಉಳಿಯಿತು.

ಈಗ ನಾವು ಪಾಲಿಸುವ ಕೆಲವು ರೂಢಿಗಳನ್ನು ಹೇಳಿ ಮುಗಿಸುತ್ತೇವೆ.

ಕೈಪಿಡಿಯ ಪ್ಲಗ್ಗೇ ಮೊದಲ ಆಯ್ಕೆ. ಬೇರೆ ತಯಾರಕರದನ್ನು ಕೊಳ್ಳುವಾಗ ಅಂಕಿಯನ್ನು ನೆನಪಿನಿಂದ ಹೇಳದೆ, ಸಮಾನ ಪ್ಲಗ್ಗುಗಳ ಪಟ್ಟಿಯನ್ನೇ ನೋಡಬೇಕು. ಥ್ರೆಡ್ಡಿನ ಉದ್ದವೂ ಹೊಂದಬೇಕು. ನಮ್ಮದಕ್ಕೆ 19 ಮಿಲಿಮೀಟರ್. ಉದ್ದ ಮಿತಿಮೀರಿದರೆ ಪಿಸ್ಟನ್ನಿಗೆ ಬಡಿಯಬಹುದು. ಕಡಿಮೆಯಾದರೆ ಹೆಡ್ಡಿನ ಥ್ರೆಡ್ಡಿನಲ್ಲಿ ಮಸಿ ಕಟ್ಟುತ್ತದೆ. ಗ್ಯಾಪನ್ನು ಫೀಲರ್ ಗೇಜಿನಿಂದ ಅಳೆದು ಎರಡರಲ್ಲೂ ಸಮನಾಗಿರಿಸಬೇಕು. ಮೊದಲು ಕೈಬೆರಳಿನಿಂದಲೇ ಕೂರುವವರೆಗೆ ತಿರುಗಿಸಿ, ಆಮೇಲೆ ಸ್ಪ್ಯಾನರು ಹಾಕಬೇಕು.

ಓದುವ ಮುನ್ನ ಬಂಡಿಯನ್ನು ಚೆನ್ನಾಗಿ ಓಡಿಸಿರಬೇಕು. ನಿಂತಲ್ಲೇ ಹತ್ತು ನಿಮಿಷ ಗುರುಗುಟ್ಟಿಸಿದರೆ ಒಳ್ಳೆಯ ಪ್ಲಗ್ಗೂ ಕಪ್ಪಾಗುತ್ತದೆ. ಒಣಗಿದ ಕರಿ ಮಸಿ ಪೆಟ್ರೋಲು ಹೆಚ್ಚಾದುದರ ಗುರುತು. ಜಿಡ್ಡಾದ ಒದ್ದೆ ಕಪ್ಪು ಎಂಜಿನ್ ಆಯಿಲಿನದು. ನಮ್ಮಂಥ ಬಂಡಿಯನ್ನು ಸೈಡ್ ಸ್ಟ್ಯಾಂಡಿನಲ್ಲಿ ರಾತ್ರಿಯಿಡೀ ಎಡಕ್ಕೆ ವಾಲಿಸಿ ನಿಲ್ಲಿಸಿದರೆ ಆಯಿಲು ಎಡ ಸಿಲಿಂಡರಿಗೆ ಇಳಿದು ಬೆಳಿಗ್ಗೆ ಹೊಗೆ ಬರುತ್ತದೆ. ಅದಕ್ಕೆ ಗಾಬರಿ ಬೇಡ. ಸೀಸ ಬೆರೆತ ಪೆಟ್ರೋಲಿನ ಕಾಲದ ದಟ್ಟ ಕಂದುಬಣ್ಣವನ್ನು ಇಂದು ನಿರೀಕ್ಷಿಸಬಾರದು. ಭಾರತದಲ್ಲೂ 2000ನೇ ಇಸವಿಯಲ್ಲಿ ಅದು ನಿಂತಿತು. ಇಂದಿನ ಪೆಟ್ರೋಲಿನಲ್ಲಿ ಆರೋಗ್ಯವಂತ ಪ್ಲಗ್ಗೂ ತುಸು ಬಿಳಿಚಿಕೊಂಡೇ ಇರುತ್ತದೆ. ಆದ್ದರಿಂದ ಒಂದರ ಬಣ್ಣವನ್ನೇ ನಂಬದೆ ಎರಡನ್ನೂ ಹೋಲಿಸಬೇಕು.

ಸಂಶಯ ಉಳಿದರೆ ಎಡದ್ದನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಹಾಕಿ ಓಡಿಸಿ. ತೊಂದರೆ ಪ್ಲಗ್ಗಿನ ಜೊತೆ ಬದಿ ಬದಲಿಸಿದರೆ ಪ್ಲಗ್ಗನ್ನು ಎಸೆಯಿರಿ. ಇದ್ದಲ್ಲೇ ಉಳಿದರೆ ಸಿಲಿಂಡರನ್ನು ವಿಚಾರಿಸಿ.

ಊರಿನಿಂದ ತಂದ ಲೆಕ್ಕವನ್ನು ಹೊಸ ನೆಲದಲ್ಲಿ ಮತ್ತೆ ಪರೀಕ್ಷಿಸದಿದ್ದುದು ನಮ್ಮ ಮೊದಲ ತಪ್ಪು. ಸದ್ದು ಕೇಳಿದ ಮೇಲೂ ನಿಲ್ಲಿಸದಿದ್ದುದು ಎರಡನೆಯದು, ಹೆಚ್ಚು ದೊಡ್ಡದು. ಆ ಬಲಗಡೆಯ ಪ್ಲಗ್ಗನ್ನು ಎಸೆಯದೆ ಇಟ್ಟುಕೊಂಡಿದ್ದೇವೆ. ಇಂದು ತಂದಿದ್ದೇವೆ, ಕಾಫಿಯ ವೇಳೆಯಲ್ಲಿ ಭೂತಗನ್ನಡಿಯೊಂದಿಗೆ ಮೇಜಿನ ಮೇಲಿರುತ್ತದೆ. ತಾವೆಲ್ಲ ಒಮ್ಮೆ ಓದಿ ನೋಡಬೇಕೆಂದು ವಿನಂತಿ.