ಹಳೆಯ ಬಟ್ಟೆಯೂ ಹೆಂಗಸರ ದುಡಿಮೆಯೂ

(ಕಾರ್ಮಿಕ ಬಂಧುಗಳ ಕೂಟದಲ್ಲಿ ಮಾಡಿದ ಭಾಷಣ)



ಹಳೆಯ ಬಟ್ಟೆಯ ವಿಷಯ ಮಾತನಾಡಲು ಕಾರ್ಮಿಕರ ಕೂಟವೇ ಬೇಕೇ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಬೇಕು. ನಾವು ಹೊರಗೆ ಹಾಕಿದ ಅಂಗಿಯನ್ನು ಯಾರೋ ಒಬ್ಬ ಸಹೋದರಿ ಕೈಯಲ್ಲಿ ಎತ್ತಿ ವಿಂಗಡಿಸಬೇಕಾಗುತ್ತದೆ.

ಮನೆಮನೆಗೆ ಬರುವ ಹರಿತ ಕರ್ಮ ಸೇನೆಯವರನ್ನು ನೀವೆಲ್ಲ ಬಲ್ಲಿರಿ. ಕುಟುಂಬಶ್ರೀಯ ಹೆಂಗಸರು, ನಮ್ಮದೇ ನೆರೆಕರೆಯವರು. ಪ್ಲಾಸ್ಟಿಕಿನ ಹಾಗೆ ಬಟ್ಟೆಯನ್ನು ಪ್ರತಿ ತಿಂಗಳೂ ಒಯ್ಯುವುದಿಲ್ಲ. ಅದಕ್ಕೆ ಬೇರೆ ಸರದಿ ಉಂಟು. ಆ ದಿನ ನಾವು ಕೊಡುವುದೇನು? ಬಚ್ಚಲಿನ ಮೂಲೆಯಲ್ಲಿ ಕೊಳೆತ ಬೈರಾಸು, ಅದರೊಳಗೆ ಸುತ್ತಿದ ಡೈಪರು! ನಮ್ಮ ಮಳೆಗಾಲದಲ್ಲಿ ಒಂದು ಒದ್ದೆ ಬಟ್ಟೆ ಸಾಕು, ಇಡೀ ಚೀಲಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಮೇಲೆ ಅದು ಯಾರಿಗೂ ಬೇಡ. ಹೊತ್ತವರಿಗೆ ಬೆನ್ನುನೋವು ಮಾತ್ರ.

ಚೊಕ್ಕ ಬಟ್ಟೆ ಗಿರಣಿಗೆ ಹೋದರೆ ಏನಾಗುತ್ತದೆ? 1813ರಲ್ಲಿ ಇಂಗ್ಲೆಂಡಿನ ಬ್ಯಾಟ್ಲಿಯಲ್ಲಿ ಬೆಂಜಮಿನ್ ಲಾ ಎಂಬವರು ಉಣ್ಣೆಯ ಚಿಂದಿಯನ್ನು ಎಳೆಎಳೆಯಾಗಿ ಬಿಡಿಸಿ ಮತ್ತೆ ನೂಲು ಮಾಡಿದರು. ಇಂದು ಆ ಕೆಲಸದ ದೊಡ್ಡ ಕೇಂದ್ರ ಹರಿಯಾಣದ ಪಾಣಿಪತ್. ಅಲ್ಲಿ ಹೆಂಗಸರು ನೆಲದಲ್ಲಿ ಕುಳಿತು ಗುಂಡಿ, ಜಿಪ್ಪು ಕತ್ತರಿಸಿ ತೆಗೆದು, ಬಣ್ಣ ನೋಡಿ ಬೇರೆ ಬೇರೆ ರಾಶಿ ಹಾಕುತ್ತಾರೆ. ಆಮೇಲೆ ಯಂತ್ರ ಅದನ್ನು ಹರಿದು ನೂಲು ಮಾಡುತ್ತದೆ. ನೂಲು ಅಗ್ಗದ ಕಂಬಳಿಯಾಗುತ್ತದೆ. ಹರಿದ ಎಳೆ ಗಿಡ್ಡವಾದುದರಿಂದ ಮೊದಲಿನ ಗಟ್ಟಿತನ ಬಾರದು. ಹತ್ತಿಯೂ ಪಾಲಿಯೆಸ್ಟರೂ ಬೆರೆತದ್ದಾದರೆ ಇನ್ನೂ ಕಷ್ಟ. ಹತ್ತಿಯ ಧೂಳನ್ನು ವರ್ಷಗಟ್ಟಲೆ ಉಸಿರಾಡುವವರನ್ನು ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗ ಹಿಡಿಯುವುದುಂಟು. ಆದುದರಿಂದ ಗಿರಣಿಯನ್ನು ನಾವು ಕೊನೆಯ ದಾರಿಯಾಗಿ ಇಟ್ಟುಕೊಳ್ಳೋಣ.

ಹಳೆಯದನ್ನೇ ಉಟ್ಟರೆ ನೇಕಾರನ ಅನ್ನ ಹೋಗದೇ ಎಂದು ಯೂನಿಯನ್ನಿನ ಗೆಳೆಯರೊಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ನಮ್ಮಲ್ಲಿ 1938ರಲ್ಲಿ ಹುಟ್ಟಿದ ನೇಕಾರರ ಸಹಕಾರಿ ಸಂಘವಿದೆ. ಕಾಸರಗೋಡು ಸೀರೆ ಅಲ್ಲಿಯದು. ಅಂತಹ ಹತ್ತಿಸೀರೆ ಹಳತಾದರೆ ಹಾಸಲಿಕ್ಕೆ, ಆಮೇಲೆ ಎಳೆಮಗುವಿಗೆ, ಕಡೆಗೆ ಅಡಿಗೆಮನೆಯ ಮಸಿಬಟ್ಟೆಗೆ. ಕೈಮಗ್ಗದ ಕೆಲಸ ಕಸಿದದ್ದು ಒಂದು ಮಳೆಗಾಲವೂ ಬಾಳದ ಅಗ್ಗದ ಬಟ್ಟೆ. ಹತ್ತು ವರ್ಷ ಉಟ್ಟ ಸೀರೆಯಲ್ಲ.

ಇನ್ನು ಶಾಲೆಯ ಮಾತು. ಮಾರ್ಚಿನಲ್ಲಿ ಪರೀಕ್ಷೆ ಮುಗಿಯುವಾಗ ಗಿಡ್ಡವಾದ ಸಮವಸ್ತ್ರಗಳು ಎಷ್ಟೋ ಮನೆಗಳಲ್ಲಿ ಉಳಿಯುತ್ತವೆ. ರಕ್ಷಕ ಶಿಕ್ಷಕ ಸಂಘದವರು ಒಂದು ದಿನ ಗೊತ್ತುಮಾಡಲಿ. ಒಗೆದು ಒಣಗಿಸಿದ್ದನ್ನೇ ತರಬೇಕೆಂದು ಮಕ್ಕಳಿಗೆ ಮೊದಲೇ ಹೇಳಲಿ. ಗುಂಡಿ ಹಾಕಿ, ಹೊಲಿಗೆ ಬಿಟ್ಟಲ್ಲಿ ಹೊಲಿದು, ಜೂನಿನಲ್ಲಿ ಶಾಲೆ ತೆರೆಯುವಾಗ ಒಂದು ಕೋಣೆಯಲ್ಲಿ ಅಳತೆಯ ಪ್ರಕಾರ ತೂಗುಹಾಕಿದರಾಯಿತು. ಬೇಕಾದವರು ತೆಗೆದುಕೊಳ್ಳಲಿ, ಹೆಸರು ಬರೆಯುವುದು ಬೇಡ. ಬಡವರ ಮಗುವನ್ನು ವೇದಿಕೆಗೆ ಕರೆದು ಫೋಟೋ ತೆಗೆಸುವುದಂತೂ ಬೇಡವೇ ಬೇಡ. ಆ ಅಂಗಿ ಹಾಕಿಕೊಂಡು ಆ ಮಗು ವರ್ಷವಿಡೀ ಅದೇ ತರಗತಿಯಲ್ಲಿ ಕೂರಬೇಕಲ್ಲವೇ?

ಪ್ರೇಷಿತರ ಕಾರ್ಯಕಲಾಪಗಳ 9ನೆಯ ಅಧ್ಯಾಯದಲ್ಲಿ ತಬಿಥಾ ಎಂಬ ಸಹೋದರಿ ಬರುತ್ತಾಳೆ. ಆಕೆ ಸತ್ತಾಗ ವಿಧವೆಯರು ಅಳುತ್ತ ಪೇತ್ರನಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ಉಡುಪುಗಳನ್ನು. ನಮ್ಮ ವಾರ್ಡಿನ ಟೈಲರ್ ಅಕ್ಕನಿಗೂ ಅಂತಹ ಮನಸ್ಸು ಇದ್ದೀತು. ಆದರೆ ಸೇವೆ ಎಂದು ಹೇಳಿ ಆಕೆಯಿಂದ ಪುಕ್ಕಟೆ ದುಡಿಸುವುದಕ್ಕೆ ನಾನು ಒಪ್ಪುವುದಿಲ್ಲ. ನೂಲಿಗೂ ಮಜೂರಿಗೂ ಸಂಘದ ಲೆಕ್ಕದಲ್ಲಿ ಹಣ ತೆಗೆದಿಡಬೇಕು. ಇದನ್ನು ಮೊದಲ ಸಭೆಯಲ್ಲಿಯೇ ಬರೆಸಿಕೊಳ್ಳಿ.

ಉಳಿದ ಚಿಂದಿಯನ್ನು ಒಣಗಿಸಿ, ಹತ್ತಿಯದನ್ನು ಬೇರೆ ಕಟ್ಟಿ, ಸೇನೆಯವರ ಸರದಿಯ ತನಕ ಅಟ್ಟದಲ್ಲಿ ಇಡಿ. ಅವರು ಬಂದ ದಿನ ಗೇಟಿನ ಹೊರಗೆ ಇಟ್ಟು ಒಳಗೆ ಹೋಗಬೇಡಿ. ಚೀಲವನ್ನು ಕೈಯಲ್ಲಿ ಕೊಡಿ, ಕುಡಿಯಲು ನೀರು ಬೇಕೇ ಎಂದು ಕೇಳಿ.