ಗುರುತಿಲ್ಲದವರ ಮುಂದೆ ಮನಬಿಚ್ಚಿ
(ಉಪನ್ಯಾಸವೊಂದರ ಬರಹರೂಪ)



ಮನೆಯವರಿಗೆ ಹೇಳಲಾಗದ ಮಾತನ್ನು ನಾವು ರೈಲಿನಲ್ಲಿ ಎದುರು ಕೂತವರಿಗೆ ಹೇಳಿಬಿಡುತ್ತೇವೆ. ಬೆಂಗಳೂರಿನಿಂದ ಹೊರಟು ಅರಸೀಕೆರೆ ದಾಟುವಷ್ಟರಲ್ಲಿ ಅಣ್ಣನೊಡನೆ ಮಾತು ಬಿಟ್ಟದ್ದು, ಮಗಳ ಸಂಬಂಧ ಮುರಿದದ್ದು ಎಲ್ಲವೂ ಹೊರಗೆ ಬಂದಿರುತ್ತವೆ. ಹುಬ್ಬಳ್ಳಿಯಲ್ಲಿ ಅವರು ಇಳಿದುಹೋದ ಮೇಲೆ, ಹೆಸರನ್ನೇ ಕೇಳಲಿಲ್ಲವಲ್ಲ ಎಂದು ನೆನಪಾಗುತ್ತದೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಗೇಯಾರ್ಗ್ ಜಿಮ್ಮೆಲ್ 1908ರಲ್ಲೇ ಈ ವಿಚಿತ್ರವನ್ನು ಗುರುತಿಸಿದ್ದ. ಹತ್ತಿರದವರಿಂದ ಜೋಪಾನವಾಗಿ ಮುಚ್ಚಿಟ್ಟದ್ದನ್ನು ಜನ ಹೊರಗಿನಿಂದ ಬಂದವನ ಮುಂದೆ ಬಿಚ್ಚಿಡುತ್ತಾರೆ ಎಂದು ಅವನು ಬರೆದ.

ಕಾರಣ ಸರಳ. ಹತ್ತಿರದವರಿಗೆ ನಮ್ಮ ದುಃಖದಲ್ಲಿ ಪಾಲಿರುತ್ತದೆ. ಸೊಸೆಯ ಸಂಕಟ ಮನೆಯೊಳಗೆ ಕೇಳಿಸಿದರೆ ಅದು ಅತ್ತೆಯ ಮೇಲಿನ ದೂರಾಗುತ್ತದೆ. ಎ.ಕೆ. ರಾಮಾನುಜನ್ ಅವರ ಸಂಗ್ರಹದಲ್ಲಿ ತಮಿಳಿನ ಕಥೆಯೊಂದಿದೆ. ಗಂಡುಮಕ್ಕಳೂ ಸೊಸೆಯರೂ ಕಾಡುತ್ತಿದ್ದ ಮುದುಕಿಗೆ ಹೇಳಿಕೊಳ್ಳಲು ಯಾರೂ ಇಲ್ಲ. ನುಂಗಿದ ನೋವಿನಿಂದಲೇ ಆಕೆ ದಪ್ಪಗಾಗುತ್ತಾಳೆ. ಒಂದು ದಿನ ಊರಾಚೆಯ ಪಾಳುಮನೆಗೆ ಹೋಗಿ, ಒಬ್ಬೊಬ್ಬರ ಮೇಲಿನ ದೂರನ್ನು ಒಂದೊಂದು ಗೋಡೆಗೆ ಹೇಳುತ್ತಾಳೆ. ಗೋಡೆಗಳು ಕುಸಿಯುತ್ತವೆ, ಮುದುಕಿ ಹಗುರಾಗುತ್ತಾಳೆ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಗೋಡೆಯ ಪಾಡು. ಕೇಳಿಸಿಕೊಳ್ಳುವುದೆಂದರೆ ಭಾರ ಹೊರುವುದು. ಕಥೆ ಕಟ್ಟಿದವರಿಗೆ ಅದು ಗೊತ್ತಿತ್ತು.

ಇಂದು ನಡುರಾತ್ರಿ ಮೊಬೈಲ್ ಹಿಡಿದು, ಯಾರೆಂದೇ ತಿಳಿಯದವರಿಗೆ ‘ಬದುಕು ಸಾಕಾಗಿದೆ’ ಎಂದು ಬರೆಯುವವರಿದ್ದಾರೆ. ಯಾವುದೋ ಊರಿನಿಂದ ‘ಹೇಳಿ, ಕೇಳುತ್ತಿದ್ದೇನೆ’ ಎಂದು ಉತ್ತರಿಸುವವರೂ ಇದ್ದಾರೆ. ಇದನ್ನು ಈ ಕಾಲದ ಹುಚ್ಚು ಎಂದು ತಳ್ಳಿಹಾಕುವವರ ಮಾತನ್ನು ನಾನು ಒಪ್ಪುವುದಿಲ್ಲ. ಇದಕ್ಕೊಂದು ಚರಿತ್ರೆಯಿದೆ.

1935ರಲ್ಲಿ ಇಂಗ್ಲೆಂಡಿನ ಲಿಂಕನ್ ಪಟ್ಟಣದಲ್ಲಿ ಚಾಡ್ ವಾರಾ ಎಂಬ ತರುಣ ಪಾದ್ರಿ ತನ್ನ ಮೊದಲ ಶವಸಂಸ್ಕಾರ ನಡೆಸಿದ. ತೀರಿಕೊಂಡವಳು ಹದಿನಾಲ್ಕರ ಹುಡುಗಿ. ಮೈನೆರೆದದ್ದನ್ನು ಕೆಟ್ಟ ರೋಗವೆಂದು ತಿಳಿದು ಪ್ರಾಣ ಕಳೆದುಕೊಂಡಿದ್ದಳು. ಕೇಳಲು ಒಬ್ಬರಿದ್ದಿದ್ದರೆ ಉಳಿಯುತ್ತಿದ್ದಳು. ಈ ನೋವು ವಾರಾರನ್ನು ಬಿಡಲಿಲ್ಲ. 1953ರ ನವೆಂಬರ್ 2ರಂದು ಲಂಡನ್ನಿನ ಸೇಂಟ್ ಸ್ಟೀಫನ್ ವಾಲ್‌ಬ್ರುಕ್ ಚರ್ಚಿನಲ್ಲಿ, ಸಾಯುವ ಯೋಚನೆಯಲ್ಲಿದ್ದವರಿಗಾಗಿಯೇ ಅವರು ದೂರವಾಣಿ ಸೇವೆ ತೆರೆದರು. ಆಗ ಆತ್ಮಹತ್ಯೆಯ ಯತ್ನ ಅಲ್ಲಿ ಅಪರಾಧವಾಗಿತ್ತು. ಆ ಕಾನೂನು ಹೋದದ್ದು 1961ರಲ್ಲಿ. ಹೀಗಿರುವಾಗ ಬಾಯಿಬಿಡಲು ಯಾರಿಗೆ ಧೈರ್ಯ?

ಮುಂದಿನದು ಯಾರೂ ಯೋಜಿಸಿದ್ದಲ್ಲ. ವಾರಾರನ್ನು ಕಾಣಲು ಕಾದು ಕೂತವರಿಗೆ ಚಹಾ ಕೊಡಲು ಸಾಮಾನ್ಯ ಜನ ಸ್ವಯಂಸೇವಕರಾಗಿ ಬರುತ್ತಿದ್ದರು. ಚಹಾ ಕೊಡುತ್ತಾ ಪಕ್ಕದಲ್ಲಿ ಕೂತು ಹೇಳಿದ್ದನ್ನು ಕೇಳುತ್ತಿದ್ದರು. ಹಾಗೆ ಮಾತಾಡಿದ ಎಷ್ಟೋ ಜನ ಪಾದ್ರಿಯನ್ನು ಕಾಣುವ ಅಗತ್ಯವೇ ಇಲ್ಲವೆಂದು ಎದ್ದುಹೋದರು! ಬೇರೆಯವರಾಗಿದ್ದರೆ ಚಹಾದವರನ್ನು ಗದರಿಸುತ್ತಿದ್ದರೇನೋ. ವಾರಾ 1954ರಲ್ಲಿ ಕೇಳುವ ಕೆಲಸವನ್ನೇ ಅವರಿಗೊಪ್ಪಿಸಿದರು. ಅದೇ ಸಮಾರಿಟನ್ಸ್ ಸಂಸ್ಥೆಯಾಗಿ ಬೆಳೆಯಿತು. ಬೈಬಲಿನ ಕಥೆಯಲ್ಲಿ ದಾರಿಯಲ್ಲಿ ಗಾಯಗೊಂಡು ಬಿದ್ದವನನ್ನು ಎತ್ತಿ ಉಪಚರಿಸಿದ ಸಮಾರ್ಯದವನೂ ಗುರುತಿಲ್ಲದವನೇ ತಾನೆ? ನಮ್ಮ ಚೆನ್ನೈಯಲ್ಲಿ ಇಂಥದೇ ಕೆಲಸಕ್ಕಾಗಿ ‘ಸ್ನೇಹಾ’ 1986ರಲ್ಲಿ ಹುಟ್ಟಿತು.

ಈ ಸ್ವಯಂಸೇವಕರು ಮನೋವೈದ್ಯರಲ್ಲ, ಆದರೆ ತರಬೇತಿ ಪಡೆದವರು. ಬುದ್ಧಿವಾದ ಹೇಳಕೂಡದು, ತೀರ್ಪು ಕೊಡಕೂಡದು, ಕೇಳಿದ್ದನ್ನು ಹೊರಗೆ ಆಡಕೂಡದು. ನಮ್ಮಲ್ಲಿ ದುಃಖ ತೋಡಿಕೊಂಡವರಿಗೆ ಮೊದಲು ಸಿಗುವುದೇ ಸಲಹೆ, ಹಾಗಾಗಿ ಮೊದಲನೆಯ ನಿಯಮ ಪಾಲಿಸುವುದು ಬಹಳ ಕಷ್ಟ. ಇನ್ನೊಂದು ಏರ್ಪಾಡು ಹೊರಗಿನವರಿಗೆ ಕಾಣುವುದಿಲ್ಲ. ಪಾಳಿ ಮುಗಿಸಿದ ಸ್ವಯಂಸೇವಕ ಅಂದು ಕೇಳಿದ್ದರ ಭಾರವನ್ನು ಹಿರಿಯ ಸಹೋದ್ಯೋಗಿಯ ಬಳಿ ಇಳಿಸಿ ಮನೆಗೆ ಹೋಗುತ್ತಾನೆ. ಗೋಡೆಗೂ ಒಂದು ಗೋಡೆ ಬೇಕು!

ಪರದೆಯ ಮೇಲಿನ ಗೆಳೆತನದಲ್ಲಿ ಇಲ್ಲದಿರುವುದು ಈ ಏರ್ಪಾಡು. ಅಲ್ಲಿ ಧಾರಾಳ ಮನಸ್ಸುಂಟು, ಪಾಳಿಯಿಲ್ಲ. ರಾತ್ರಿ ಎರಡು ಗಂಟೆಗೆ ಇಪ್ಪತ್ತರ ಹುಡುಗನೊಬ್ಬ ದೂರದ ಯಾರದೋ ಪ್ರಾಣ ತನ್ನ ಕೈಯಲ್ಲಿದೆ ಎಂದುಕೊಂಡು ಉತ್ತರ ಬರೆಯುತ್ತಿರುತ್ತಾನೆ. ಆ ಕಡೆಯವರು ಸುಮ್ಮನಾದರೆ ಏನಾಯಿತೆಂದು ತಿಳಿಯುವ ದಾರಿಯೇ ಇಲ್ಲ.

ಈ ಭಾರವನ್ನು ಯಂತ್ರಕ್ಕೆ ಹೊರಿಸಬಹುದೇ? ಅಪರಿಚಿತರು ಪರಸ್ಪರ ಸಾಂತ್ವನ ಹೇಳುವ ‘ಕೊಕೊ’ ಎಂಬ ಅಮೆರಿಕದ ಸೇವೆ ಅದನ್ನೂ ನೋಡಿತು. ಸುಮಾರು 4,000 ಜನರಿಗೆ ಹೋದ ಉತ್ತರಗಳನ್ನು ಬರೆಯಲು ಯಂತ್ರದ ನೆರವು ಪಡೆದಿದ್ದಾಗಿ ಅದರ ಸ್ಥಾಪಕರಲ್ಲೊಬ್ಬರು 2023ರ ಜನವರಿಯಲ್ಲಿ ತಿಳಿಸಿದರು. ಮನುಷ್ಯರೇ ಬರೆದದ್ದಕ್ಕಿಂತ ಆ ಉತ್ತರಗಳು ಜನಕ್ಕೆ ಹೆಚ್ಚು ಹಿಡಿಸಿದ್ದವಂತೆ. ಯಂತ್ರದ ಕೈವಾಡ ತಿಳಿದೊಡನೆ ಅವು ನಾಟಲಿಲ್ಲವೆಂದೂ ಅವರೇ ಹೇಳಿದರು. ದೊಡ್ಡ ಗದ್ದಲವೇ ಆಯಿತು. ದುಃಖದಲ್ಲಿರುವವನು ಎದುರಿಗಿರುವವನ ಜಾಣ್ಮೆಯನ್ನು ಅಳೆಯುವುದಿಲ್ಲ. ತನ್ನದೊಂದು ಗಳಿಗೆಯನ್ನು ಅವನು ನನಗಾಗಿ ಕೊಟ್ಟನೇ ಎಂದು ನೋಡುತ್ತಾನೆ.

ನಮ್ಮಲ್ಲಿ 2017ರ ಮಾನಸಿಕ ಆರೋಗ್ಯ ಕಾಯ್ದೆ, ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಪರಿಗಣಿಸಿ ಆರೈಕೆ ನೀಡಬೇಕೆಂದಿತು. 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ‘ಟೆಲಿ ಮಾನಸ್’ ಆರಂಭಿಸಿತು. ಅದರ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಸಂಖ್ಯೆ 14416, ಹಗಲೂ ರಾತ್ರಿಯೂ, ಕನ್ನಡದಲ್ಲಿಯೂ, ಖರ್ಚಿಲ್ಲದೆ ಮಾತನಾಡಬಹುದು. ಕರೆ ನಿಮ್ಮದೇ ಸಂಕಟಕ್ಕಾಗಿ ಇರಬೇಕೆಂದೇನಿಲ್ಲ. ರಾತ್ರಿ ಎರಡು ಗಂಟೆಗೆ ಇನ್ನೊಬ್ಬರ ಮಾತು ಓದಿ ಏನು ಬರೆಯಬೇಕೆಂದು ತೋಚದೆ ಕೂತ ಆ ಹುಡುಗನೂ ಅಲ್ಲಿ ಕೇಳಬಹುದು.