ನಾಲಗೆಗೆ ಧೈರ್ಯ ಬರಲಿ

(ವಿದ್ಯಾರ್ಥಿಗಳ ಇಂಗ್ಲಿಷ್ ಸಂಭಾಷಣಾ ಕೂಟದಲ್ಲಿ ಮಾಡಿದ ಭಾಷಣ)



ಪಾಠ ಮುಗಿದ ಮೇಲೆ ಹತ್ತು ಜನ ಕೂಡಿ ಇಂಗ್ಲಿಷಿನಲ್ಲಿ ಮಾತನಾಡುವ ಕೂಟವನ್ನು ನೀವು ಆರಂಭಿಸಿರುವುದು ಸಂತೋಷದ ಸಂಗತಿ. ಆದರೆ ಇಂಥ ಕೂಟಗಳು ಮೊದಲ ವಾರ ತುಂಬಿ, ತಿಂಗಳೊಳಗೆ ಬರಿದಾಗುವುದುಂಟು. ಉತ್ಸಾಹವು ಕುಂದುವುದೇಕೆ?

ನಮ್ಮ ಸರಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೆಯ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದಿದೆ. ಶಬ್ದಗಳನ್ನು ನೀವು ಬಲ್ಲಿರಿ. ತಪ್ಪಾದರೆ ಗೆಳೆಯರು ನಕ್ಕಾರು ಎಂಬ ಅಳುಕೇ ನಾಲಗೆಯನ್ನು ಕಟ್ಟುತ್ತದೆ. ತಿಕೋಟಾದ ಹುಡುಗಿಯೊಬ್ಬಳು ವಿಜಯಪುರದ ಕಾಲೇಜಿನಲ್ಲಿ ಉತ್ತರ ಗೊತ್ತಿದ್ದೂ ಮೌನವಾಗಿ ಕುಳಿತರೆ, ಆ ನಷ್ಟ ಊರಿಗೆಲ್ಲ ತಟ್ಟುತ್ತದೆ.

ನಮ್ಮ ದ್ರಾಕ್ಷಿ ಬೆಳೆಗಾರನನ್ನು ನೋಡಿರಿ. ಮನೆಯಲ್ಲಿ ಕನ್ನಡವಾಡುವ ಆತ, ಒಣದ್ರಾಕ್ಷಿ ಮಾರಲು ತಾಸಗಾಂವಕ್ಕೆ ಹೋದಾಗ ಮರಾಠಿಯಲ್ಲಿ ಬೆಲೆ ಕುದುರಿಸುತ್ತಾನೆ. ಲಿಂಗ, ವಚನ ತಪ್ಪಿದರೂ ನಾಚುವುದಿಲ್ಲ. ಅವನಿಗೆ ಹೇಳುವ ಅಗತ್ಯವಿದೆ. ಎದುರಿನವನಿಗೆ ಕೇಳುವ ಅಗತ್ಯವಿದೆ.

ಕೆನಡಾದ ಗಾರ್ಡ್‌ನರ್ ಮತ್ತು ಲ್ಯಾಂಬರ್ಟ್ ಎಂಬ ವಿದ್ವಾಂಸರು ಮಾಂಟ್ರಿಯಲ್ ನಗರದಲ್ಲಿ ಫ್ರೆಂಚ್ ಕಲಿಯುತ್ತಿದ್ದ ವಿದ್ಯಾರ್ಥಿಗಳ ಕುರಿತು 1959ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಭಾಷೆಯ ಜನರೊಡನೆ ಬೆರೆಯಬಯಸಿದವರು ಹೆಚ್ಚು ಚೆನ್ನಾಗಿ ಕಲಿತರೆಂದು ತಿಳಿಸಿದರು. 1972ರಲ್ಲಿ ಯಾಸ್ಮೀನ್ ಲುಕ್ಮಾನಿಯವರು ಮುಂಬಯಿಯ ಮರಾಠಿ ವಿದ್ಯಾರ್ಥಿನಿಯರಲ್ಲಿ ಕಂಡದ್ದೇ ಬೇರೆ: ಬಾಳಿನಲ್ಲಿ ಮುಂದೆ ಬರಬೇಕೆಂಬ ಹಂಬಲವೇ ಅವರ ಇಂಗ್ಲಿಷಿಗೆ ಬಲ ಕೊಟ್ಟಿತ್ತು. ಆದುದರಿಂದ ನೌಕರಿಯ ಆಸೆಯನ್ನು ಕೀಳೆಂದು ಬಗೆಯಬೇಡಿರಿ. ಆದರೆ ನೌಕರಿಯು ದೂರದ ಫಲ. ನಾಳೆಯ ಸಂಜೆ ಮತ್ತೆ ಬರುವುದಕ್ಕೆ ಹತ್ತಿರದ ಪ್ರೇರಣೆಯೊಂದು ಬೇಕು.

ಆ ಪ್ರೇರಣೆಯನ್ನು ಕೂಟವೇ ಒದಗಿಸಬೇಕು. ನಿಮಗೆ ಆಸ್ಥೆಯಿರುವ ವಿಷಯವನ್ನೇ ಎತ್ತಿಕೊಳ್ಳಿರಿ: ಹೊಲದ ನೀರು, ಕ್ರಿಕೆಟ್ ಪಂದ್ಯ, ಗೋಳಗುಮ್ಮಟಕ್ಕೆ ಬರುವ ಪರದೇಶಿಯರಿಗೆ ಹೇಳಬೇಕಾದ ಸಂಗತಿಗಳು. ಮಾತಿನ ನಡುವೆ ತಿದ್ದಬೇಡಿರಿ. ಮುಗಿದ ಮೇಲೆ ಒಂದೆರಡು ತಪ್ಪುಗಳನ್ನಷ್ಟೇ ಮೆತ್ತಗೆ ತಿಳಿಸಿರಿ. ಶಬ್ದ ಹೊಳೆಯದಿದ್ದರೆ ಕನ್ನಡದ ಪದವನ್ನೇ ಸೇರಿಸಿ ಮುಂದೆ ಸಾಗಿರಿ. ಸುಮ್ಮನೆ ಕುಳಿತವರನ್ನು ಸಣ್ಣದೊಂದು ಪ್ರಶ್ನೆಯಿಂದ ಮಾತಿಗೆ ಕರೆಯಿರಿ. ನಗುವುದಾದರೆ ಮಾತಿನ ಸ್ವಾರಸ್ಯಕ್ಕೆ ನಗಿರಿ. ಆಡಿದವರ ತಪ್ಪಿಗೆ ನಗಬೇಡಿರಿ.

ಇಂಗ್ಲಿಷ್ ಕಲಿತರೆ ಕನ್ನಡ ಬಡವಾದೀತೆಂಬ ಭಯವೂ ಬೇಡ. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ವಿನಾಯಕ ಕೃಷ್ಣ ಗೋಕಾಕರೇ 1990ರ ಜ್ಞಾನಪೀಠ ಪ್ರಶಸ್ತಿಯನ್ನು ಕನ್ನಡಕ್ಕೆ ತಂದರು.

ಯಾರನ್ನೂ ನಾಚಿಸದ ಕೂಟವೇ ಬಾಳುವ ಕೂಟ. ನಿಮ್ಮೆಲ್ಲರಿಗೂ ಶುಭವಾಗಲಿ.